ತೇಯುವ ಕಾಸು

ಹೆತ್ತ ಹೆಣ್ಣಿಗೆ ಮೂರು ತಿಂಗಳ ಬಾಣಂತನ ಎಂದು ಕಟ್ಟಳೆ ಮಾಡಿದವರು ಯಾರೋ ಲತಾಮಣಿಗೆ ಗೊತ್ತಿಲ್ಲ. ಆದರೆ ಮಗಳು ನವ್ಯಶ್ರೀಗೆ ಆ ಮೂರು ತಿಂಗಳಲ್ಲಿ ಒಂದು ದಿನವೂ ಕಡಿಮೆ ಆಗಕೂಡದೆಂದು ಅವಳು ಹಟ ತೊಟ್ಟಿದ್ದಳು. ಇದೇ ನವ್ಯಶ್ರೀಯನ್ನು ಹೆರುವ ಹೊತ್ತಿಗೆ ಲತಾಮಣಿಯ ತಾಯಿ ತೀರಿಕೊಂಡಿದ್ದಳು. ತವರಿನಲ್ಲಿ ನೀರು ಹಾಕುವವರಿಲ್ಲದೆ ಗಂಡನ ಮನೆಯಲ್ಲೇ ಹೆತ್ತು, ಹದಿಮೂರನೆಯ ದಿನಕ್ಕೆ ಕೊಟ್ಟಿಗೆಯ ಸಗಣಿ ಬಾಚಲು ಎದ್ದವಳು. "ಎದ್ದು ಓಡಾಡಿದ್ರೆ ಮೈ ಹಗುರ ಆಯ್ತದೆ" ಎಂದು ಆಗ ಅತ್ತೆ ಮಾಯಮ್ಮ ಅಪ್ಪಣೆ ಮಾಡಿದ್ದಳು. ಮೈ ಹಗುರವಾಗಲಿಲ್ಲ, ಸೊಂಟ ಹಿಡಿಯಿತು. ಇಪ್ಪತ್ತಮೂರು ವರ್ಷವಾದರೂ ಬಿಟ್ಟಿಲ್ಲ. ಅದಕ್ಕೇ ಮಗಳ ವಿಷಯದಲ್ಲಿ ಲತಾಮಣಿ ಯಾರ ಮಾತಿಗೂ ಜಗ್ಗುವವಳಾಗಿರಲಿಲ್ಲ. ಬೆಳ್ಳುಳ್ಳಿ, ಮೆಣಸು, ತುಪ್ಪ ಎಲ್ಲವನ್ನೂ ಮೊದಲೇ ಕೂಡಿಟ್ಟುಕೊಂಡು, ಕನಕಪುರದ ಆಸ್ಪತ್ರೆಯಿಂದ ಮಗಳನ್ನೂ ಮೊಮ್ಮಗಳನ್ನೂ ಕರೆತಂದಳು.

ಊರು ಹಾರೋಹಳ್ಳಿಯಿಂದ ಮೂರು ಮೈಲಿ. ಎರಡು ಸಾವಿರದ ಏಳನೆಯ ಇಸವಿ. ಕಾರ್ಖಾನೆಗಳಿಗೆಂದು ಸರ್ಕಾರ ಹಿಡಿದ ಜಮೀನು ಸರಿಯಾಗಿ ಅವಳ ಗಂಡ ಕೃಷ್ಣಪ್ಪನ ಹೊಲದ ಬದುವಿಗೆ ಬಂದು ನಿಂತಿತ್ತು. ಬದುವಿನ ಆಚೆಯವರು ಪರಿಹಾರದ ದುಡ್ಡಿನಲ್ಲಿ ತಾರಸಿ ಮನೆ ಕಟ್ಟಿದರು. ಈಚೆಯ ಕೃಷ್ಣಪ್ಪನಿಗೆ ಬಂದದ್ದು ಲಾರಿಗಳ ಧೂಳು. ಧೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆಹುಳಗಳು ಮೂಸಿ ನೋಡಿ ಬಿಡುತ್ತಿದ್ದವು. ಜಮೀನು ಉಳಿಯಿತೆಂದು ನಗಬೇಕೋ, ದುಡ್ಡು ತಪ್ಪಿತೆಂದು ಅಳಬೇಕೋ ತಿಳಿಯದೆ ಕೃಷ್ಣಪ್ಪ ಎರಡು ವರ್ಷದಿಂದ ಹುಳದ ಮನೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಿದ್ದ. ಮನೆಯಲ್ಲಿ ಜಗಳದ ಸದ್ದು ಕೇಳಿದರೆ ಅವನ ಹುಳಗಳಿಗೆ ತಕ್ಷಣ ಹಸಿವಾಗುತ್ತಿತ್ತು.

ಇನ್ನು ಮಾಯಮ್ಮ. ವಯಸ್ಸು ಎಪ್ಪತ್ತೆರಡು, ಸುತ್ತ ನಾಲ್ಕು ಹಳ್ಳಿಯ ಕೂಸುಗಳಿಗೆ ಮದ್ದು ತೇದು ಹಾಕಿದ ಕೈ. ಸಾಣೆಕಲ್ಲಿನ ಮೇಲೆ ಒಂದೆರಡು ಹನಿ ಹಾಲು ಬಿಟ್ಟುಕೊಂಡು ಬಜೆ, ಜಾಯಿಕಾಯಿ, ಅಳಲೆಕಾಯಿ ಒಂದೊಂದು ಸುತ್ತು ತೇಯುವಳು. ಆಮೇಲೆ ಎಲೆಅಡಿಕೆ ಚೀಲದ ಒಳಜೇಬಿನಿಂದ ಒಂದು ಬೆಳ್ಳಿಕಾಸು ತೆಗೆದು, ಗಂಡುಕೂಸಾದರೆ ಒಂಬತ್ತು ಸುತ್ತು, ಹೆಣ್ಣಾದರೆ ಏಳು ಸುತ್ತು ತೇಯುವಳು. ಅದನ್ನು ಒಳಲೆಗೆ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲಿಗೆ, ಬಳಿದು ಕೂಸಿನ ಬಾಯಿಗೆ ಬಿಟ್ಟರೆ ಆಯಿತು. ಆ ಕೂಸಿಗೆ ಹೊಟ್ಟೆನೋವು, ಬೆಚ್ಚು, ಬಾಲಗ್ರಹ ಯಾವುದೂ ಹತ್ತಿರ ಸುಳಿಯದೆಂದು ನಂಬಿಕೆ.

ಕಾಸು ಮಾಯಮ್ಮನ ಅತ್ತೆಯ ಕಾಲದ್ದು. ರಾಗಿ ತುಂಬುವ ಹಗೇವು ತೋಡುವಾಗ ಮಣ್ಣಿನಲ್ಲಿ ಸಿಕ್ಕಿತ್ತಂತೆ. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಒಂದು ಬದಿಯಲ್ಲಿ ತಲೆಗೆ ಎಲೆ ಕಟ್ಟಿಕೊಂಡ ಯಾವನೋ ಒಬ್ಬನ ಮುಖ, ಸುತ್ತ ಇಂಗ್ಲಿಷಿನಂಥ ಅಕ್ಷರ. ಇನ್ನೊಂದು ಬದಿ ಹುಣಸೆಬೀಜದ ಹಾಗೆ ನುಣ್ಣಗೆ. ಆ ನುಣ್ಣನೆ ಬದಿಯಲ್ಲಿ ಹಿಂದೆ ಎರಡು ಮಕ್ಕಳು ನಿಂತಿದ್ದರೆಂದೂ, ಮಕ್ಕಳ ಮದ್ದಿಗೆ ಮಕ್ಕಳ ಬದಿಯನ್ನೇ ತೇಯಬೇಕೆಂದೂ ಮಾಯಮ್ಮ ಹೇಳುತ್ತಿದ್ದಳು. ಎರಡು ತಲೆಮಾರು ತೇದು ತೇದು ಆ ಮಕ್ಕಳು ಊರಿನ ಕೂಸುಗಳ ಹೊಟ್ಟೆ ಸೇರಿದ್ದರು.

ಹೆರಿಗೆಯಾದ ಹದಿಮೂರನೆಯ ದಿನ ಮಾಯಮ್ಮ ಸಾಣೆಕಲ್ಲನ್ನು ತೊಳೆದು, ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತಳು.

"ಕೂಸಿನ ತಕ್ಕೊಂಡು ಕಾಲು ನೀಡ್ಕೊಂಡು ಕೂತ್ಕೊ ಕಣಮ್ಮಿ."

"ಅದೇನಜ್ಜಿ?" ಎಂದಳು ನವ್ಯಶ್ರೀ.

"ಮದ್ದು."

"ಬೇಡ. ಆರು ತಿಂಗಳು ಎದೆಹಾಲು ಬಿಟ್ಟು ಒಂದು ತೊಟ್ಟು ನೀರೂ ಹಾಕ್ಬೇಡಿ ಅಂದವ್ರೆ ಡಾಕ್ಟ್ರು."

"ಆ ಡಾಕ್ಟ್ರು ಹುಟ್ಟಿದಾಗ ಅವ್ಳ ಬಾಯ್ಗೆ ಏನು ಹಾಕಿದ್ರು ಅಂತ ಕೇಳ್ಕೊಂಡು ಬಾ ಹೋಗು. ನಿನ್ನ ಬಾಯ್ಗೂ ಇದ್ನೇ ಹಾಕಿದ್ದು. ಸತ್ತೋದ್ಯಾ?"

"ಇದನ್ನ ಹಾಕಿದ್ದಕ್ಕೆ ಬದುಕಿದ್ದಲ್ಲ ಅಜ್ಜಿ ನಾನು. ಹಾಕಿದ್ರೂ ಬದುಕಿದ್ದು!"

ಲತಾಮಣಿ ಒಲೆಯ ಮೇಲಿನ ಎಸರು ಬಿಟ್ಟು ಓಡಿಬರುವ ಹೊತ್ತಿಗೆ ಇಬ್ಬರ ದನಿಯೂ ಬೀದಿಗೆ ಮುಟ್ಟಿತ್ತು. ಮಾಯಮ್ಮ ಒಳಲೆಯನ್ನೂ ಕಾಸನ್ನೂ ನೆಲಕ್ಕೆ ಕುಕ್ಕಿ, "ನನ್ನ ಕೈ ಈ ಮನೇಲಿ ವಿಷ ಆಯ್ತು. ಇವತ್ತಿಂದ ಈ ಮನೆ ಮುದ್ದೆ ಮುಟ್ಟಿದ್ರೆ ಕೇಳು" ಎಂದು ಜಗುಲಿಗೆ ಹೋದಳು. ನವ್ಯಶ್ರೀ ಕೂಸನ್ನು ಅವುಚಿಕೊಂಡು ಗೋಡೆಗೆ ತಿರುಗಿ ಮಲಗಿದಳು. "ಅಮ್ಮ, ಇದು ನಿಲ್ಲಲಿಲ್ಲ ಅಂದ್ರೆ ಭಾನುವಾರ ಇವ್ರನ್ನ ಕರೆಸ್ಕೊಂಡು ಚನ್ನಪಟ್ಟಣಕ್ಕೆ ಹೊರಟೋಗ್ತೀನಿ. ನನ್ನ ಮಗು ಹೊಟ್ಟೇಗೆ ಕಲ್ಲು ಕಾಸು ಎಲ್ಲಾ ಹಾಕ್ಸೋಕೆ ನಾನು ಬಂದಿಲ್ಲ."

"ಹದಿಮೂರು ದಿವ್ಸದ ಬಾಣಂತಿ ಬಸ್ಸು ಹತ್ತಿ ಹೋಯ್ತೀಯಾ? ಬುದ್ಧಿ ಐತಾ ನಿಂಗೆ?"

"ಹಂಗಾದ್ರೆ ಅಜ್ಜಿಗೆ ಹೇಳು."

ಅಜ್ಜಿಗೆ ಹೇಳುವುದು! ತಾನು ಈ ಮನೆಗೆ ಬಂದ ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮುದುಕಿಗೆ ಯಾರಾದರೂ ಏನಾದರೂ ಹೇಳಿ ಗೆದ್ದದ್ದುಂಟೆ? ಲತಾಮಣಿ ಗಂಡನನ್ನು ಹುಡುಕಿಕೊಂಡು ಹುಳದ ಮನೆಗೆ ಹೋದಳು. ಕೃಷ್ಣಪ್ಪ ತಟ್ಟೆಗಳಿಗೆ ಸೊಪ್ಪು ಉದುರಿಸುತ್ತಿದ್ದವನು ತಲೆ ಎತ್ತಲಿಲ್ಲ.

"ನನ್ನ ಕೇಳ್ಬೇಡ. ಅತ್ಲಾಗೆ ಅವ್ವ, ಇತ್ಲಾಗೆ ಮಗಳು. ಇದು ಹೆಂಗಸ್ರ ಯವ್ವಾರ."

"ಉಂಬೋಕೆ ಕೂತಾಗ ಮಾತ್ರ ಇದು ನಿಮ್ಮ ಮನೆ ಆಯ್ತದೆ, ಅಲ್ವಾ?" ಎಂದು ಲತಾಮಣಿ ಸಿಡುಕಿ ಬಂದಳು.

ಅವತ್ತು ಮಾಯಮ್ಮ ಉಣ್ಣಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೂ ಉಣ್ಣಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯಿಂದ ಎರಡು ಇಡ್ಲಿ ತರಿಸಿಕೊಂಡು, ಎಲ್ಲರಿಗೂ ಕಾಣುವಂತೆ ಜಗುಲಿಯ ಮೇಲೆ ಕೂತು ತಿಂದಳು. ಲತಾಮಣಿಗೆ ನಾಚಿಕೆಯಿಂದ ನೆಲ ಬಿರಿಯಬಾರದೆ ಎನ್ನಿಸಿತು.

ಅಷ್ಟರಲ್ಲಿ ಮಗ ಅಶ್ವಥ್ ಒಂದು ಸುದ್ದಿ ತಂದ. ಐಟಿಐ ಮುಗಿಸಿ ಬದುವಿನ ಆಚೆಯ ಕಾರ್ಖಾನೆಯೊಂದರಲ್ಲಿ ಟ್ರೈನಿ ಆಗಿದ್ದ ಅವನು, ಜಗಳದ ದಿನ ನೆಲಕ್ಕೆ ಬಿದ್ದಿದ್ದ ಕಾಸಿನ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು, ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಮುನಾವರ್‌ಗೆ ತೋರಿಸಿದ್ದ. ಹಳೆ ನಾಣ್ಯದ ಹುಚ್ಚಿದ್ದ ಮುನಾವರ್ ತಿನ್ನುತ್ತಿದ್ದ ಬೋಂಡ ಕೆಳಗಿಟ್ಟನಂತೆ.

"ಅದು ರೋಮ್ ದೇಶದ್ದಂತೆ ಕಣಪ್ಪಾ! ಎರಡು ಸಾವಿರ ವರ್ಷದ್ದು! ಲಕ್ಷಗಟ್ಲೆ ಬಾಳಬೋದಂತೆ!" ಮುದ್ದೆ ಮುರಿಯುವುದನ್ನೂ ಮರೆತು ಅಶ್ವಥ್ ಹೇಳಿದ. "ರಾಮನಗರದಲ್ಲಿ ಮುನಿರಾಮಯ್ಯ ಅಂತ ರಿಟೈರ್ಡ್ ಹಿಸ್ಟರಿ ಮೇಷ್ಟ್ರು ಅವ್ರೆ. ಅವರು ನೋಡಿ ಹೇಳ್ಬೇಕಂತೆ ಯಾವ ರಾಜಂದು ಅಂತ."

ಕೃಷ್ಣಪ್ಪನ ಗಂಟಲಿಗೆ ಮುದ್ದೆ ಸಿಕ್ಕಿತು. "ಲೇ, ಬಾಯಿ ಮುಚ್ಲಾ. ನೆಲದಲ್ಲಿ ಸಿಕ್ಕಿದ್ದು ಸರ್ಕಾರದ್ದು. ಪೋಲೀಸ್ನೋರು ಬಂದು ಹಗೇವು ಅಗೀತೀವಿ ಅಂತ ಮನೆ ಅಗೆದ್ರೆ? ಜಮೀನೇನೋ ಉಳ್ಕಂಡದೆ, ಈಗ ಮನೆ ಕಳ್ಕೋಬೇಕಾ?"

"ಅಜ್ಜಿ ತೌರು ಕೆಂಪಾಪುರದಿಂದ ಬಂದದ್ದು ಅನ್ನಣ."

"ನನ್ನ ತೌರಲ್ಲಿ ಒಲೆ ಮೇಲೆ ಮಡಿಕೆ ಇರ್ಲಿಲ್ಲ, ರೋಮಿನ ಕಾಸು ಇತ್ತಂತೆ" ಎಂದು ಮಾಯಮ್ಮ ಜಗುಲಿಯಿಂದಲೇ ಕೂಗಿದಳು. "ಯಾವಾನಾದ್ರೂ ಈ ಚೀಲಕ್ಕೆ ಕೈ ಹಾಕಿ ನೋಡ್ಲಿ, ಕೈ ಮುರೀತೀನಿ."

ಲತಾಮಣಿಗೆ ಲಕ್ಷದ ಆಸೆಯೂ ಇರಲಿಲ್ಲ, ಪೋಲೀಸರ ಭಯವೂ ಇರಲಿಲ್ಲ. ಅವಳ ತಲೆಯಲ್ಲಿ ಓಡಿದ್ದು ಒಂದೇ. ಕಾಸು ರಾಮನಗರಕ್ಕೆ ಹೋದರೆ ಮನೆಯಲ್ಲಿ ತೇಯುವುದಕ್ಕೆ ಕಾಸು ಇರುವುದಿಲ್ಲ. ಕಾಸು ಇಲ್ಲದೆ ಅತ್ತೆ ಮದ್ದು ತೇಯುವವಳಲ್ಲ. ಆ ಮೇಷ್ಟರು ಎಷ್ಟು ದಿನ ಇಟ್ಟುಕೊಂಡರೆ ಅಷ್ಟು ದಿನ ನವ್ಯ ಉಳಿಯುತ್ತಾಳೆ. ಕೈಯೊರೆಸಿಕೊಂಡು ಜಗುಲಿಗೆ ಹೋಗಿ ಅತ್ತೆಯ ಪಕ್ಕ ಕೂತಳು.

"ಅತ್ತೆ, ಆ ಮಕ್ಕಳು ಯಾರು ಅಂತ ನಿಮಗಾದ್ರೂ ಗೊತ್ತಾ?"

"ಯಾವ ಮಕ್ಳು?"

"ಕಾಸಿನಲ್ಲಿದ್ದ ಮಕ್ಕಳು. ರಾಮ ಲಕ್ಷ್ಮಣರೋ, ಲವ ಕುಶರೋ? ಇಷ್ಟು ವರ್ಷ ಹೆಸರು ಗೊತ್ತಿಲ್ದೆ ತೇದ್ರಿ. ಹೆಸರು ಹೇಳ್ಕೊಂಡು ತೇದ್ರೆ ಇನ್ನೂ ಶಕ್ತಿ ಅಲ್ವಾ?"

ಮಾಯಮ್ಮ ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೆಳಗಿಟ್ಟಳು. "ನಾನು ಈ ಮನೇಗೆ ಬಂದಾಗ ಚೆಂದಾಗಿ ಕಾಣ್ತಿದ್ವು ಕಣಮ್ಮಿ. ಒಂದೇ ಎತ್ತರ ಎರಡೂ. ನಡುವೆ ಎರಡು ದುಂಡನೆ ತಟ್ಟೆ, ಎರಡು ಕೋಲು. ತಟ್ಟೆ ಮೇಲೆ ಕೈ ಊರ್ಕೊಂಡು ನಿಂತಿದ್ವು. ಯಾರ ಮಕ್ಳೋ ಅಂತ ನಂಗೂ ಅನ್ನುಸ್ತಿತ್ತು" ಎಂದಳು. ಆಮೇಲೆ ಚೀಲ ಬಿಚ್ಚಿ ಕಾಸು ತೆಗೆದು ಲತಾಮಣಿಯ ಕೈಗಿಟ್ಟಳು. "ಹೆಸ್ರು ಕೇಳ್ಕೊಂಡು ಬರ್ಲಿ. ಮಾರಿ ಗೀರಿ ಬಂದ್ರೆ ನಿನ್ನ ಮಗನ್ನ ಮನೇಗೆ ಸೇರ್ಸಲ್ಲ."

ಹೀಗೆ ಕಾಸು ಹೋಯಿತು, ಮನೆಗೆ ನೆಮ್ಮದಿ ಬಂತು ಎಂದು ಬರೆಯಬಹುದಾಗಿತ್ತು. ಬರಲಿಲ್ಲ. ಮುನಿರಾಮಯ್ಯ ಮೇಷ್ಟರು ಕಾಸು ತೆಗೆದುಕೊಂಡು, ಒಂದು ಚೀಟಿ ಬರೆದುಕೊಟ್ಟು, ಎರಡು ವಾರ ಬಿಟ್ಟು ಬನ್ನಿ ಎಂದಿದ್ದರು. ಅಶ್ವಥ್ ಎರಡು ದಿನ ಬಿಟ್ಟು ಫೋನು ಮಾಡಿದ. ಕಾರ್ಖಾನೆಯಿಂದ ಬಂದವನೇ ಬೈಕು ಕೊಳ್ಳುವ ಮಾತು. ಯಾವ ಬೈಕು, ಯಾವ ಬಣ್ಣ, ಎಷ್ಟು ಮೈಲೇಜು. ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. ಕೃಷ್ಣಪ್ಪನಿಗೆ ಖಾಕಿ ಬಟ್ಟೆಯ ಯಾರನ್ನು ಕಂಡರೂ ಬೆವರು. ಅಂಚೆಯವನು ಬಂದು ಸೈಕಲ್ ನಿಲ್ಲಿಸಿದ ದಿನ ಹಿತ್ತಿಲ ಬಾಗಿಲಿಂದ ಹೊರಟವನು ಸಂಜೆಗೆ ಬಂದ.

ಮಾಯಮ್ಮ ಈಗ ಮುದ್ದೆ ಮುಟ್ಟುತ್ತಿದ್ದಳು, ಆದರೆ ಮುಟ್ಟಿದ ಮುದ್ದೆಯಲ್ಲೆಲ್ಲ ಗಂಟು ಕಾಣುತ್ತಿತ್ತು. ಸಾರು ನೀರು, ಉಪ್ಪು ಜಾಸ್ತಿ, ಬಾಣಂತಿಗೆ ಕಾಯಿಸಿದ ನೀರು ಸಾಲದು, ಬಾಣಂತಿ ಕಿಟಕಿ ತೆಗೆಯುತ್ತಾಳೆ, ಬಾಣಂತಿ ಫೋನಿನಲ್ಲಿ ನಗುತ್ತಾಳೆ. ಕೈಗೆ ಕೆಲಸವಿಲ್ಲದ ಮುದುಕಿ ಬಾಯಿಗೆ ದುಪ್ಪಟ್ಟು ಕೆಲಸ ಕೊಟ್ಟಿದ್ದಳು. ನವ್ಯಶ್ರೀಯೂ ಕಡಿಮೆಯವಳಲ್ಲ, ಒಂದಕ್ಕೆ ಎರಡು ಹೇಳುವಳು. ಇಬ್ಬರ ನಡುವೆ ಬಿಸಿನೀರಿನ ಹಂಡೆ ಹೊತ್ತು ಓಡಾಡುವವಳು ಲತಾಮಣಿ. ಆದರೂ ಅವಳು ಒಂದು ಮಾತೂ ಆಡಲಿಲ್ಲ. ಇಪ್ಪತ್ತು ದಿನ ಆಯಿತು, ಮೂವತ್ತಾಯಿತು, ಮಗಳು ಮನೆಯಲ್ಲಿದ್ದಳು. ಕೂಸು ಕೆನ್ನೆ ತುಂಬಿಕೊಂಡಿತ್ತು. ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹುಯ್ಯುವಾಗ ನವ್ಯ ಕಣ್ಣು ಮುಚ್ಚಿ, "ಇನ್ನೊಂದು ಚೆಂಬು ಹುಯ್ಯಮ್ಮ" ಎಂದರೆ ಲತಾಮಣಿಗೆ ಮಿಕ್ಕಿದ್ದೆಲ್ಲ ಮರೆತು ಹೋಗುತ್ತಿತ್ತು.

ಒಂದು ದಿನ ಸಕ್ಕರೆ ತರುವ ನೆವದಲ್ಲಿ ಅಂಗಡಿಗೆ ಹೋಗಿ, ಒಂದು ರೂಪಾಯಿ ಬೂತಿನಿಂದ ಮೇಷ್ಟರಿಗೆ ಫೋನು ಮಾಡಿದಳು.

"ಸಾ, ನಾನು ಅಶ್ವಥ್ ತಾಯಿ."

"ಅಯ್ಯೋ ತಾಯಿ, ನೋಡ್ತಾ ಇದೀನಮ್ಮ. ನಿಮ್ಮ ಹುಡುಗ ದಿನಾ ಫೋನ್ ಮಾಡ್ತಾನೆ. ಬೆಂಗಳೂರಿಂದ ಒಂದು ಪುಸ್ತಕ ತರಿಸ್ತಿದೀನಿ. ಸ್ವಲ್ಪ ತಡ..."

"ಇಲ್ಲ ಸಾ, ಅದಕ್ಕೇ ಮಾಡ್ದೆ. ನೀವು ಆತುರ ಬೀಳ್ಬೇಡಿ. ನಿಧಾನಕ್ಕೆ ನೋಡಿ. ಆದ್ರೆ ಇನ್ನೊಂದು ಎರಡು ತಿಂಗಳು ಇಟ್ಕೊಳ್ಳಿ."

ಮೇಷ್ಟರು ನಲವತ್ತು ವರ್ಷ ನಾಣ್ಯ ನೋಡಿದ್ದರು, ಇಂಥ ಮಾತು ಕೇಳಿರಲಿಲ್ಲ.

ಆದರೆ ವಿಧಿಗೆ ಲತಾಮಣಿಯ ಮೇಲೆ ಅಷ್ಟು ಕರುಣೆ ಇರಲಿಲ್ಲ. ಪುಸ್ತಕ ಬಂದುಬಿಟ್ಟಿತು, ಬಂದು ಕಾಸು ತೆಗೆದುಕೊಂಡು ಹೋಗಿ ಎಂದು ಮೇಷ್ಟರ ಕರೆಯೂ ಬಂತು. ಐವತ್ತೆರಡನೆಯ ದಿನ, ಭಾನುವಾರ, ಕೃಷ್ಣಪ್ಪ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು ಎಂಬ ನೆಪ ಹೇಳಿ ಮನೆಯಲ್ಲೇ ಉಳಿದ. ಅಶ್ವಥ್‌ ಒಬ್ಬನನ್ನೇ ಕಳಿಸಿದರೆ ಕಾಸು ಬೈಕಾಗಿ ಬಂದೀತೆಂದು ಮಾಯಮ್ಮ ಸೊಸೆಯನ್ನು ಕಾವಲು ಕಳಿಸಿದಳು.

ಮೇಷ್ಟರು ಕಾಸನ್ನು ಒಂದು ಪುಟ್ಟ ತಕ್ಕಡಿಯಲ್ಲಿಟ್ಟು ತೋರಿಸಿದರು. "ಇದು ಹುಟ್ಟಿದಾಗ ಹತ್ತಿರ ಹತ್ತಿರ ನಾಲ್ಕು ಗ್ರಾಂ ಇರಬೇಕು. ಓಡಾಡಿ ಸವೆದರೆ ಎಲ್ಲೋ ಸ್ವಲ್ಪ ಹೋಗುತ್ತೆ. ಇದು ಮೂರು ಗ್ರಾಂಗೂ ಕಡಿಮೆ ಇದೆ. ಅದೂ ಒಂದೇ ಬದಿ ಸವೆದಿದೆ. ಚಲಾವಣೆಯಲ್ಲಿ ಹೀಗೆ ಸವೆಯಲ್ಲ. ಉಳಿದ ಒಂದು ಗ್ರಾಂ ಎಲ್ಲಿ ಹೋಯ್ತಮ್ಮ?"

ಲತಾಮಣಿ ತಲೆ ತಗ್ಗಿಸಿ ಹೇಳಿದಳು. ಸಾಣೆಕಲ್ಲು, ಹಾಲು, ಒಳಲೆ, ಎರಡು ತಲೆಮಾರು, ನಾಲ್ಕು ಹಳ್ಳಿ. ಮೇಷ್ಟರು ಕನ್ನಡಕ ತೆಗೆದು ಅಶ್ವಥ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಂದರೆ ನೀನೂ ತಿಂದಿದೀಯ!"

"ನಂಗೇನ್ ಗೊತ್ತು ಸಾ, ಸಣ್ಣ ಮಗು ನಾನು" ಎಂದ ಅಶ್ವಥ್.

"ಇದು ಅಗಸ್ಟಸ್ ಅನ್ನೋ ರೋಮಿನ ಚಕ್ರವರ್ತಿಯದು. ಈ ಅಕ್ಷರ ನೋಡಿ, ಅವನ ಹೆಸರೇ. ನಮ್ಮ ಕಡೆ ಮೆಣಸು ಕೊಳ್ಳೋಕೆ ಬಂದ ದುಡ್ಡು. ಆದರೆ ಅವನು ಹೊಡೆಸಿದ ಬೆಳ್ಳಿ ನಾಣ್ಯ ಬೇಕಾದಷ್ಟು ಥರ ಇವೆ. ಹಿಂದಿನ ಬದಿ ನೋಡಿ ನಿಕ್ಕಿ ಮಾಡೋಣ ಅಂದರೆ ಅದನ್ನ ನೀವು ತೇದು ಕುಡಿಸಿದೀರಿ."

"ಆ ಬದೀಲಿ ಎರಡು ಮಕ್ಕಳಿದ್ವಂತೆ ಸಾ" ಎಂದಳು ಲತಾಮಣಿ. "ನಮ್ಮತ್ತೆ ಹೇಳ್ತಾರೆ. ನಡುವೆ ಎರಡು ದುಂಡನೆ ತಟ್ಟೆ, ಎರಡು ಕೋಲು. ತಟ್ಟೆ ಮೇಲೆ ಕೈ ಊರ್ಕೊಂಡು ನಿಂತಿದ್ವಂತೆ."

ಮೇಷ್ಟರು ಧಡಕ್ಕನೆ ಎದ್ದು ಪುಸ್ತಕ ತಿರುವಿ ಒಂದು ಚಿತ್ರ ತೋರಿಸಿದರು. ಇಬ್ಬರು ಹುಡುಗರು, ನಡುವೆ ಎರಡು ಗುರಾಣಿ, ಎರಡು ಈಟಿ. ಕಾಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ನುಣ್ಣನೆ ಬೆಳ್ಳಿಯ ಮೇಲೆ ಒಂದು ಗುರಾಣಿಯ ಅಂಚು ಇದ್ದೂ ಇಲ್ಲದ ಹಾಗೆ ಕಂಡಿತು. "ಅದೇ! ತಾಯಿ, ನಿಮ್ಮತ್ತೆಯೇ ಗುರುತು ಹಿಡಿದರು! ಅಳಿಸಿದವರೂ ಅವರೇ, ಹೇಳಿದವರೂ ಅವರೇ!"

"ಯಾರು ಸಾ ಆ ಮಕ್ಕಳು?"

"ಗೈಯಸ್, ಲೂಸಿಯಸ್ ಅಂತ. ಅವನ ಮಗಳ ಮಕ್ಕಳು. ಗಂಡುಮಕ್ಕಳಿಲ್ಲ ಅಂತ ಮೊಮ್ಮಕ್ಕಳನ್ನೇ ದತ್ತು ತಗೊಂಡ. ತನ್ನ ನಂತರ ಪಟ್ಟ ಅವರಿಗೇ ಅಂತ ಹೀಗೆ ದುಡ್ಡಿನ ಮೇಲೂ ಹೊಡೆಸಿದ. ಪಾಪ, ಇಬ್ಬರೂ ಉಳೀಲಿಲ್ಲ. ಒಬ್ಬ ಇಪ್ಪತ್ತು ತುಂಬೋದರೊಳಗೆ, ಇನ್ನೊಬ್ಬ ಇಪ್ಪತ್ಮೂರಕ್ಕೆ. ಮುದುಕ ಮಾತ್ರ ಎಪ್ಪತ್ತು ದಾಟಿ ಬದುಕಿದ."

ಅಶ್ವಥ್‌ಗೆ ಬೇಕಾಗಿದ್ದು ಅದಲ್ಲ. ಬೆಲೆ ಕೇಳಿದ. ಚೆನ್ನಾಗಿದ್ದರೂ ಲಕ್ಷವೇನೂ ಬಾಳುವುದಿಲ್ಲ, ಈ ಥರದ್ದು ಬಹಳ ಸಿಗುತ್ತವೆ, ಇದಂತೂ ಒಂದೇ ಬದಿಯದು, ಸಾವಿರ ರೂಪಾಯಿ ಕೊಡುವವನು ಸಿಕ್ಕರೆ ಪುಣ್ಯವಂತ ಎಂದರು ಮೇಷ್ಟರು. ಅಶ್ವಥ್‌ನ ಮುಖದಿಂದ ಬೈಕು ಇಳಿದು ಹೋಯಿತು. ಕಾಸನ್ನು ಹತ್ತಿಯಲ್ಲಿ ಸುತ್ತಿ ಕೊಡುತ್ತಾ ಮೇಷ್ಟರು, "ನಿಮ್ಮ ಮನೆ ವಸ್ತು, ಇಟ್ಕೊಳ್ಳಿ. ಆದರೆ ಕೈ ಮುಗೀತೀನಿ ತಾಯಿ, ಈ ಮುಖದ ಬದಿಯನ್ನ ಮಾತ್ರ ಮುಟ್ಟಬೇಡಿ. ಇದೂ ಹೋದರೆ ಅದು ಬರೀ ಬೆಳ್ಳಿ ಬಿಲ್ಲೆ" ಎಂದರು.

ಬಸ್ಸಿನಲ್ಲಿ ಅಶ್ವಥ್ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದ. ಲತಾಮಣಿಗೆ ಅದೇ ಬೇಕಾಗಿತ್ತು. ಮಕ್ಕಳಿಬ್ಬರೂ ಹರೆಯದಲ್ಲೇ ಸತ್ತವರು ಎಂದು ಒಂದು ಮಾತು ಹೇಳಿದರೆ ಸಾಕು, ಅತ್ತೆ ಇನ್ನು ಜನ್ಮದಲ್ಲಿ ಆ ಕಾಸು ತೇಯುವುದಿಲ್ಲ. ಸತ್ತ ಮಕ್ಕಳ ಕಾಸನ್ನು ಯಾವ ಹೆಂಗಸು ತಾನೇ ಕೂಸಿಗೆ ಹಾಕುತ್ತಾಳೆ? ನವ್ಯ ಮೂರು ತಿಂಗಳು ತುಂಬಿಸಿಕೊಂಡೇ ಹೋಗುತ್ತಾಳೆ. ಹೀಗೆಂದುಕೊಂಡಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಡೀ ಬದುಕು ಆ ಮುದುಕಿ ಒಳ್ಳೆಯದಾಗಲೆಂದೇ ತೇದವಳು. ಕನಕಪುರ ಬಂತು, ಬಸ್ಸು ಬದಲಾಯಿಸಿದ್ದಾಯಿತು. ಹೇಳಬೇಕೋ ಬೇಡವೋ ಎಂಬುದು ತೀರ್ಮಾನವಾಗಲಿಲ್ಲ.

ಮನೆಗೆ ಕಾಲಿಟ್ಟರೆ ಆಗಲೇ ರಂಪ. ಕಾಸು ಬರುತ್ತದೆಂದು ಮಾಯಮ್ಮ ಬೆಳಿಗ್ಗೆಯೇ ಸಾಣೆಕಲ್ಲು ತೊಳೆದು ಬಿಸಿಲಿಗಿಟ್ಟಿದ್ದಳು. ಅದನ್ನು ನೋಡಿದ ನವ್ಯಶ್ರೀ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಕೂಸು ಕಿರಿಚಿಕೊಳ್ಳುತ್ತಿತ್ತು. ಕೃಷ್ಣಪ್ಪನ ಪತ್ತೆ ಇರಲಿಲ್ಲ. ಬಿಸಿಲಲ್ಲಿ ಬಂದ ಸೊಸೆಗೆ ಒಂದು ಲೋಟ ನೀರು ಕೊಡುವವರಿಲ್ಲ. ಮಾಯಮ್ಮ ಕೈ ಚಾಚಿ, "ಎಲ್ಲಿ, ತಾ. ಏನಂತೆ ಮಕ್ಕಳ ಹೆಸ್ರು?" ಎಂದಳು.

ಲತಾಮಣಿಯ ತಾಳ್ಮೆ ಅಲ್ಲಿಗೆ ಮುಗಿಯಿತು. "ಗೈಯಸ್ಸು ಲೂಸಿಯಸ್ಸು! ದೇವ್ರೂ ಅಲ್ಲ ದಿಂಡ್ರೂ ಅಲ್ಲ. ಎಪ್ಪತ್ತು ದಾಟಿ ಬದುಕಿದ ಆ ರಾಜನ ಮಗಳ ಮಕ್ಕಳು. ಇಬ್ರೂ ಚಿಕ್ಕ ವಯಸ್ಸಿಗೇ ಸತ್ತೋದ್ರಂತೆ. ಕೇಳುಸ್ತಾ ಅತ್ತೆ? ಸತ್ತೋದ್ರು! ಇಷ್ಟು ವರ್ಷ ನೀವು ತೇದಿದ್ದು ಸತ್ತ ಮಕ್ಕಳನ್ನ!"

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಬಟ್ಟೆ ತುರುಕುತ್ತಿದ್ದ ನವ್ಯಶ್ರೀಯೂ ಬಾಗಿಲಿಗೆ ಬಂದು ನಿಂತಳು. ಮಾಯಮ್ಮ ಸೊಸೆಯ ಕೈಯಿಂದ ಕಾಸು ಇಸಿದುಕೊಂಡು, ಹತ್ತಿ ಬಿಡಿಸಿ, ನುಣ್ಣನೆ ಬದಿಯ ಮೇಲೆ ಹೆಬ್ಬೆರಳಾಡಿಸುತ್ತಾ ಕೂತಳು.

"ಎರಡೂನಾ?"

"ಎರಡೂ."

"ಮಗಳ ಮಕ್ಳು." ಮಾಯಮ್ಮ ತಲೆಯಾಡಿಸಿದಳು. "ಅಷ್ಟು ದೊಡ್ಡ ರಾಜನ ಮನೇಲಿ ಒಂದು ಚೂರು ಮದ್ದು ತೇದು ಹಾಕೋ ಗತಿ ಇರ್ಲಿಲ್ವಲ್ಲ. ಹಾಕಿದ್ರೆ ಬದುಕ್ತಿದ್ವು."

ಅಶ್ವಥ್ ಹಣೆ ಚಚ್ಚಿಕೊಂಡ. ಲತಾಮಣಿಗೆ ಅಳಬೇಕೋ ನಗಬೇಕೋ ಕಾಸನ್ನು ಕಿತ್ತು ಲಾರಿಯ ಕೆಳಗೆ ಎಸೆಯಬೇಕೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಜಗುಲಿಯ ಮೇಲೆ ಸಾಣೆಕಲ್ಲಿನ ಸದ್ದು ಕೇಳಿತು. ಡ್ಯೂಟಿಗೆ ಹೊರಟಿದ್ದ ಅಶ್ವಥ್ ನೋಡಿ ಬೊಬ್ಬೆ ಹೊಡೆದ. ಮಾಯಮ್ಮ ಕಾಸನ್ನು ಮಗುಚಿ ಹಿಡಿದು ರಾಜನ ಮುಖವನ್ನು ತೇಯುತ್ತಿದ್ದಳು.

"ಅಜ್ಜೀ! ಆ ಕಡೆ ಮುಟ್ಬೇಡಿ ಅಂದವ್ರೆ ಮೇಷ್ಟ್ರು! ಅದೊಂದೇ ಉಳಿದಿರೋದು!"

"ಪಾಪದ ಕೂಸುಗಳ್ನ ಇನ್ನು ತೇಯಲ್ಲ. ಸಾಕು. ಇವ್ನು ಎಪ್ಪತ್ತು ದಾಟ್ದೋನು, ಗಟ್ಟಿ ಪಿಂಡ. ಮೊಮ್ಮಕ್ಕಳ್ನ ಕಳ್ಕೊಂಡವ್ನು ಇನ್ನೊಬ್ರ ಕೂಸಿಗೆ ಕೆಟ್ಟದ್ದು ಮಾಡ್ತಾನಾ?"

ಒಳಗೆ ನವ್ಯಶ್ರೀಯ ಫೋನಿನ ಗುಂಡಿ ಒತ್ತುವ ಸದ್ದು ಲತಾಮಣಿಗೆ ಕೇಳಿತು. ಅವಳು ಮೊದಲು ಕೋಣೆಗೆ ಹೋಗಿ, "ಫೋನ್ ಇಡು. ನಿನ್ನ ಮಗು ಬಾಯಿಗೆ ಒಂದು ತೊಟ್ಟೂ ಬೀಳಲ್ಲ. ನನ್ನಾಣೆ. ಹೋಗಿ ಬಚ್ಚಲಲ್ಲಿ ಕೂತ್ಕೊ, ನೀರು ಕಾದದೆ" ಎಂದಳು. ಆಮೇಲೆ ಜಗುಲಿಗೆ ಬಂದು, "ಕೊಡಿ ಅತ್ತೆ, ನಾನೇ ಹಾಕ್ತೀನಿ. ನೀವು ಹೋದ್ರೆ ಅವ್ಳು ರಾದ್ಧಾಂತ ಮಾಡ್ತಾಳೆ. ಅವ್ಳು ಬಚ್ಚಲಿಗೆ ಹೋದಾಗ ಹಾಕ್ಬುಡ್ತೀನಿ" ಎಂದಳು. ಮಾಯಮ್ಮ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ ಒಳಲೆ ಕೊಟ್ಟಳು.

ಹಿತ್ತಿಲಿಗೆ ಹೋಗಿ ಚೆಲ್ಲುವುದೆಂದೇ ಲತಾಮಣಿ ಒಳಲೆ ಹಿಡಿದು ನಡೆದಳು. ಬಾಳೆಗಿಡದ ಬುಡದಲ್ಲಿ ಬಗ್ಗಿಸಲು ಹೋದಳು. ಕೈ ಬರಲಿಲ್ಲ. ಹಾಲು ಚೆಲ್ಲಿ ಬೆಳೆದ ಕೈಯಲ್ಲ ಅದು. ಅದರಲ್ಲೂ ಬೆಳ್ಳಿ ತೇದ ಹಾಲು, ಕೂಸಿಗೆಂದು ತೇದ ಹಾಲು. ಅತ್ತ ಇತ್ತ ನೋಡಿ ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಬಜೆಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಬಾಯಿ ಒರೆಸಿಕೊಂಡು ಬಂದು ಖಾಲಿ ಒಳಲೆಯನ್ನು ಅತ್ತೆಯ ಮುಂದಿಟ್ಟಳು.

"ಕುಡೀತಾ?"

"ಹ್ಞೂಂ, ಪೂರಾ ಕುಡೀತು."

ಅವತ್ತಿನಿಂದ ಮೂವತ್ತೆಂಟು ದಿನ ಅದೇ ನಡೆಯಿತು. ಅತ್ತೆ ತೇಯುವುದು, ಸೊಸೆ ಕುಡಿಯುವುದು. ಅತ್ತೆಗೆ ಕೂಸು ಮದ್ದು ಕುಡಿಯಿತೆಂಬ ಸಮಾಧಾನ, ಮಗಳಿಗೆ ಕುಡಿಯಲಿಲ್ಲವೆಂಬ ಸಮಾಧಾನ. ಒಂದೊಂದು ದಿನ ಬಾಳೆಬುಡದಲ್ಲಿ ನಿಂತು ಆ ಕಹಿಯನ್ನು ನುಂಗುವಾಗ, ಇದು ನನ್ನ ಹಣೆಬರಹವೇ, ನಲವತ್ತೈದನೆಯ ವಯಸ್ಸಿಗೆ ರೋಮಿನ ರಾಜನನ್ನು ಕುಡಿಯಬೇಕೇ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಜಗಳ ನಿಂತಿತ್ತು. ಮಾಯಮ್ಮ ನವ್ಯಶ್ರೀಗೆ ಮೆಂತ್ಯದ ಉಂಡೆ ಕಟ್ಟಿಕೊಟ್ಟಳು. ನವ್ಯಶ್ರೀ ಅಜ್ಜಿಯ ಮಡಿಲಲ್ಲಿ ಕೂಸನ್ನು ಬಿಟ್ಟು ನಿದ್ದೆ ಹೋದಳು. ಮುದ್ದೆಯಲ್ಲಿ ಗಂಟು ಕಡಿಮೆಯಾದವು. ಕೃಷ್ಣಪ್ಪನೂ ನಡುಮನೆಯಲ್ಲಿ ಕೂತು ಉಣ್ಣತೊಡಗಿದ. ಅಶ್ವಥ್ ಒಬ್ಬನೇ ದಿನಾ ಕಾಸು ನೋಡಿ ಗೋಳಾಡುತ್ತಿದ್ದ. ರಾಜನ ಮೂಗು ಹೋಯಿತು, ತುಟಿ ಹೋಯಿತು, ಎಲೆಗಳು ಹೋದವು. "ಏಳೇ ಸುತ್ತಿಗೆ ಇಷ್ಟು ಬೇಗ ಸವೆಯೋದಾದ್ರೂ ಹೆಂಗೆ?" ಎಂದು ಅವನ ಬೇಸರ.

ಮೂರು ತಿಂಗಳು ತುಂಬಿತು. ಅಳಿಯ ಚೈತನ್ಯ ಕಾರು ಮಾಡಿಕೊಂಡು ಬಂದ. ನವ್ಯಶ್ರೀ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ಅಮ್ಮನನ್ನು ತಬ್ಬಿ, ಕಣ್ಣೊರೆಸಿಕೊಂಡು ಚನ್ನಪಟ್ಟಣಕ್ಕೆ ಹೊರಟಳು. ಒಂದು ದಿನವೂ ಕಡಿಮೆಯಾಗಿರಲಿಲ್ಲ. ಕಾರು ಲಾರಿಗಳ ಧೂಳಿನಲ್ಲಿ ಮರೆಯಾಗುವವರೆಗೂ ಲತಾಮಣಿ ಬೀದಿಯಲ್ಲಿ ನಿಂತಿದ್ದಳು. ಒಳಗೆ ಬಂದರೆ ಮನೆ ಬಿಕೋ ಎನ್ನುತ್ತಿತ್ತು. ಆದರೂ ತಾನು ಗೆದ್ದೆ ಎನ್ನಿಸಿತು. ಆ ಮುದುಕಿಯನ್ನು ಮೂವತ್ತೆಂಟು ದಿನ ಯಾಮಾರಿಸಿದ್ದು ಸಣ್ಣ ಮಾತಲ್ಲ.

ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ಎಂದಿನಂತೆ ಸಾಣೆಕಲ್ಲಿನ ಸದ್ದು. ಲತಾಮಣಿ ಪೊರಕೆ ಹಿಡಿದೇ ಹೊರಗೆ ಬಂದಳು.

"ಅತ್ತೆ, ಕೂಸು ಹೋಯ್ತಲ್ಲ. ಯಾರಿಗೆ ತೇಯ್ತಿದ್ದೀರಿ?"

ಮಾಯಮ್ಮ ತಲೆಯೆತ್ತದೆ ಒಳಲೆಗೆ ಬಳಿದು ತುಂಬಿ, ಕೈ ಚಾಚಿದಳು. "ಕುಡಿ. ಹಿತ್ಲಿಗೆ ಹೋಗ್ಬೇಡ, ಇಲ್ಲೇ ಕುಡಿ. ಮದ್ದು ನಡುವೆ ನಿಲ್ಲುಸ್ಬಾರ್ದು."

ಲತಾಮಣಿಯ ಕೈಯಿಂದ ಪೊರಕೆ ಜಾರಿತು. "ನಿಮಗೆ... ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿವ್ಸಾನೇ. ಮೂರು ಸೇರು ಬಜೆ ಘಾಟು ನಿನ್ನ ಬಾಯಿಂದ ಬತ್ತಿತ್ತು, ಕೂಸು ಬಾಯಿಂದಲ್ಲ."

"ಗೊತ್ತಿದ್ದೂ ದಿನಾ ತೇದ್ರಾ? ನಾನು ಕುಡೀಲಿ ಅಂತ?"

"ಕೂಸಿಗಾದ್ರೆ ಏಳು ಸುತ್ತು ಸಾಕಾಗಿತ್ತು. ಹೆತ್ತೋಳಿಗೆ ಅಂತ ಮಾರನೇ ದಿವ್ಸದಿಂದ ಇಪ್ಪತ್ತೊಂದು ಸುತ್ತು ತೇದೆ. ನೀನು ನವ್ಯನ ಹೆತ್ತ ವರ್ಷ ತೇಯ್ಲಿಲ್ಲ ನಾನು ನಿಂಗೆ, ಕೊಟ್ಟಿಗೆಗೆ ಎಬ್ಬಿಸ್ದೆ" ಎಂದಳು ಮಾಯಮ್ಮ. "ಕೈ ನೋಯ್ತದೆ, ಹಿಡ್ಕೊ."

ಇಂಥ ಹೆಂಗಸಿಗೆ ಏನೆಂದು ಬೈಯುವುದು? ಲತಾಮಣಿ ಒಳಲೆ ಇಸಿದುಕೊಂಡು, ಅತ್ತೆಯ ಎದುರಿಗೇ ಮೆಟ್ಟಿಲ ಮೇಲೆ ಕೂತು ಕುಡಿದಳು.